ಹಳೇ ರೇಸಿಂಗ್ ಸೈಕಲ್ಲಿಗೆ ಎಷ್ಟು ಕೊಡಬಹುದು? ಬೆಲೆ ಕಟ್ಟುವ ನನ್ನ ಕ್ರಮ

ಕಳೆದ ಏಪ್ರಿಲ್‌ನಲ್ಲಿ ಒಂದು ಶನಿವಾರ ಬೆಳಿಗ್ಗೆ ಹುಡುಗನೊಬ್ಬ ಫೋನ್ ಮಾಡಿದ. ಶಿಕಾಗೊಗೆ ಎಂ.ಎಸ್. ಓದಲು ಬಂದವನು. ನಮ್ಮ ಕಡೆಯವನೇ, ಅರಸೀಕೆರೆ ಹತ್ತಿರದವನು. "ಅಣ್ಣ, ಒಂದು ಹಳೇ ಫ್ರೆಂಚ್ ಸೈಕಲ್ ಸಿಕ್ಕಿದೆ. ಪ್ಯೂಜೋ. 250 ಡಾಲರ್ ಹೇಳ್ತಿದಾರೆ. ವಿಂಟೇಜ್ ಅಂತೆ, ತುಂಬ ಅಪರೂಪದ್ದಂತೆ. ತಗೊಳ್ಲಾ?"

"ಫೋಟೋ ಕಳಿಸು. ಹಿಂದಿನ ಚಕ್ರದ ಹತ್ತಿರದ್ದು ಒಂದು, ಪೆಡಲ್ ಹತ್ತಿರದ್ದು ಒಂದು" ಅಂದೆ.

"ಪೂರ್ತಿ ಸೈಕಲ್ ಫೋಟೋ ಬೇಡ್ವಾ ಅಣ್ಣ?"

"ಆಮೇಲೆ."

ಹನ್ನೊಂದು ವರ್ಷದಿಂದ ಇಲ್ಲಿ ಹಳೇ ಸೈಕಲ್ ಕೊಂಡು, ಬಿಚ್ಚಿ, ತೊಳೆದು, ಮತ್ತೆ ಜೋಡಿಸಿ ಮಾರುತ್ತಿದ್ದೇನೆ. ಕೆಲಸ ಬೇರೆ ಇದೆ. ಇದು ಸಂಜೆ ಮತ್ತು ವಾರದ ಕೊನೆಯ ಪ್ರೀತಿ. ಊರಲ್ಲಿ ಗಂಟೆ ಲೆಕ್ಕದಲ್ಲಿ ಬಾಡಿಗೆ ಸೈಕಲ್ ತಂದು ಒಳಪೆಡಲ್ ಹೊಡೆದು ಕಲಿತವನು ನಾನು. ಸೈಕಲ್ ಶಾಪಿನ ಮುಂದೆ ಕೂತು ಓವರಾಯ್ಲಿಂಗ್ ಮಾಡುವುದನ್ನು ಗಂಟೆಗಟ್ಟಲೆ ನೋಡಿದ್ದೇನೆ. ಆ ಕಣ್ಣು ಇಲ್ಲೂ ಕೆಲಸಕ್ಕೆ ಬಂತು. ಗೆಳೆಯರು ಪದೇ ಪದೇ ಕೇಳುವ ಪ್ರಶ್ನೆ ಒಂದೇ, ಇದಕ್ಕೆ ಎಷ್ಟು ಕೊಡಬಹುದು? ಅದಕ್ಕೇ ನನ್ನ ಕ್ರಮವನ್ನು ಬರೆದಿಡುತ್ತಿದ್ದೇನೆ.

ಮೊದಲಿಗೇ ಒಂದು ಮಾತು. ಹಳೆಯದು ಅನ್ನುವ ಕಾರಣಕ್ಕೆ ಯಾವ ಸೈಕಲ್ಲಿಗೂ ಬೆಲೆ ಬರುವುದಿಲ್ಲ. 1970ರ ದಶಕದ ಮೊದಲ ಕೆಲವು ವರ್ಷ ಅಮೆರಿಕದಲ್ಲಿ ಗೇರ್ ಸೈಕಲ್ಲಿನ ಹುಚ್ಚು ಹಿಡಿದಿತ್ತು. ಬಗ್ಗಿದ ಹ್ಯಾಂಡಲಿನ ಹತ್ತು ಗೇರಿನ ಸೈಕಲ್ ಮನೆಮನೆಗೂ ಬಂತು. ಎರಡು ಬೇಸಿಗೆ ಓಡಿಸಿ ನೆಲಮಾಳಿಗೆಗೆ ಹಾಕಿದವರೇ ಜಾಸ್ತಿ. ಈಗ ಅವೆಲ್ಲ ಹೊರಗೆ ಬರುತ್ತಿವೆ. ಐವತ್ತು ವರ್ಷದ ಸೈಕಲ್ ಇಲ್ಲಿ ಅಪರೂಪವಲ್ಲ. ಒಳ್ಳೇ ಪೈಪಿನ ಸೈಕಲ್ ಅಪರೂಪ.

ಹಾಗಾಗಿ ನಾನು ನೋಡುವುದು ಪೈಪು, ಅಂದರೆ ಫ್ರೇಮ್. ಬಣ್ಣ, ಹೆಸರು, ಹೊಳಪು ಎಲ್ಲ ಆಮೇಲೆ. ಫ್ರೇಮ್ ಒಳ್ಳೆಯದೋ ಸಾಧಾರಣವೋ ಎಂದು ಎರಡು ಫೋಟೋದಲ್ಲೇ ಗೊತ್ತಾಗುತ್ತದೆ.

ಹಿಂದಿನ ಚಕ್ರದ ಆಕ್ಸಲ್ ಕೂರುವ ಜಾಗ ನೋಡಿ. ಅದಕ್ಕೆ ಡ್ರಾಪ್‌ಔಟ್ ಎನ್ನುತ್ತಾರೆ. ಸಾಧಾರಣ ಸೈಕಲ್ಲಿನಲ್ಲಿ ಅದು ತಗಡಿನಿಂದ ಕತ್ತರಿಸಿದ ಚಪ್ಪಟೆ ತುಂಡು. ಗೇರ್ ಬದಲಿಸುವ ಡೀರೇಲರ್ ನೇತುಹಾಕಲು ಬೇರೆ ಒಂದು ಪಟ್ಟಿಯನ್ನು ನಟ್ ಹಾಕಿ ಬಿಗಿದಿರುತ್ತಾರೆ. ಒಳ್ಳೆಯ ಸೈಕಲ್ಲಿನಲ್ಲಿ ಡ್ರಾಪ್‌ಔಟ್ ಬಡಿದು ಮಾಡಿದ ದಪ್ಪ ಉಕ್ಕು. ಡೀರೇಲರ್ ಕಚ್ಚುವ ಕಿವಿ ಅದರದೇ ಭಾಗವಾಗಿ ಕೆಳಕ್ಕೆ ಇಳಿದಿರುತ್ತದೆ. ಕಂಪನ್ಯೋಲೊ, ಶಿಮಾನೊ, ಸನ್‌ಟೂರ್ ಎಂಬ ಬಿಡಿಭಾಗ ಕಂಪನಿಗಳ ಹೆಸರು ಅದರ ಮೇಲೇ ಅಚ್ಚಾಗಿರುವುದೂ ಉಂಟು. ಇಷ್ಟು ಕಂಡರೆ ನಾನು ಕುರ್ಚಿಯಲ್ಲಿ ಸ್ವಲ್ಪ ಮುಂದಕ್ಕೆ ಬಾಗುತ್ತೇನೆ.

ಎರಡನೆಯದು ಪೆಡಲ್ ತೋಳು, ಅಂದರೆ ಕ್ರ್ಯಾಂಕ್. ನಮ್ಮೂರಿನ ಸೈಕಲ್ಲಿನಲ್ಲಿ ಈ ತೋಳನ್ನು ಆಕ್ಸಲ್‌ಗೆ ಬಿಗಿಯುವ ಕಾಟರ್ ಪಿನ್ ಇರುತ್ತಲ್ಲ, ಹಾಗೇ ಇದ್ದರೆ ಅದು ಉಕ್ಕಿನ ಕ್ರ್ಯಾಂಕ್. ಸಾಮಾನ್ಯವಾಗಿ ಕಡಿಮೆ ಬೆಲೆಯ ಸೈಕಲ್. 1970ರ ನಂತರದ ಒಳ್ಳೆಯ ಸೈಕಲ್ಲಿನಲ್ಲಿ ಅಲ್ಯುಮಿನಿಯಂ ಕ್ರ್ಯಾಂಕ್ ಇರುತ್ತದೆ, ಪಿನ್ ಇರುವುದಿಲ್ಲ. ಅನುಮಾನ ಬಂದರೆ ಜೇಬಿನಲ್ಲಿ ಒಂದು ಸಣ್ಣ ಅಯಸ್ಕಾಂತ ಇಟ್ಟುಕೊಂಡು ಹೋಗಿ. ರಿಮ್, ಕ್ರ್ಯಾಂಕ್, ಹ್ಯಾಂಡಲ್ ಮೂರಕ್ಕೂ ತಾಗಿಸಿ ನೋಡಿ. ಅಂಟಿದರೆ ಉಕ್ಕು. ರಿಮ್ ಉಕ್ಕಿನದಾದರೆ ಮಳೆಯಲ್ಲಿ ಬ್ರೇಕ್ ಹಿಡಿಯುವುದೇ ಇಲ್ಲ. ಅದನ್ನು ಓಡಿಸುವ ಸೈಕಲ್ ಎಂದು ನಾನು ಯಾರಿಗೂ ಮಾರುವುದಿಲ್ಲ.

ಹುಡುಗ ಕಳಿಸಿದ ಫೋಟೋದಲ್ಲಿ ಚಪ್ಪಟೆ ಡ್ರಾಪ್‌ಔಟ್ ಇತ್ತು, ಕಾಟರ್ ಪಿನ್ ಇತ್ತು. ಗೇರ್ ಬದಲಿಸುವ ಸಿಂಪ್ಲೆಕ್ಸ್ ಡೀರೇಲರ್ ಪ್ಲಾಸ್ಟಿಕ್ಕಿನದು. ಇದು ಪ್ಯೂಜೋ ಯುಒ-8. ಆ ಕಾಲದಲ್ಲಿ ಸಾವಿರಗಟ್ಟಲೆ ಬಂದ ಸೈಕಲ್. ಕೆಟ್ಟದ್ದೇನಲ್ಲ. ಅದರ ಮಾಫಾಕ್ ಬ್ರೇಕ್ ಇವತ್ತಿಗೂ ಚೆನ್ನಾಗಿ ಹಿಡಿಯುತ್ತದೆ. ಆದರೆ ಇದೇ ಕಂಪನಿಯ ಪಿಎಕ್ಸ್-10 ಎನ್ನುವ ಸೈಕಲ್ ಬೇರೆ. ಅದಕ್ಕೆ ರೆನಾಲ್ಡ್ಸ್ 531 ಪೈಪು, ಕೆತ್ತನೆ ಮಾಡಿದಂತಿರುವ ನೆರ್ವೆಕ್ಸ್ ಲಗ್‌ಗಳು, ಸ್ಟ್ರಾಂಗ್‌ಲೈಟ್ ಅಲ್ಯುಮಿನಿಯಂ ಕ್ರ್ಯಾಂಕ್. ಲಗ್ ಅಂದರೆ ಎರಡು ಪೈಪು ಸೇರುವ ಕಡೆ ತೊಡಿಸಿದ ಉಕ್ಕಿನ ಬಳೆ. ಎರಡೂ ಬಿಳಿ ಬಣ್ಣದ್ದು ಇರಬಹುದು, ಎರಡರ ಮೇಲೂ ಅದೇ ಸಿಂಹದ ಗುರುತು. ಬೆಲೆ ಮಾತ್ರ ಐದಾರು ಪಟ್ಟು ಹೆಚ್ಚುಕಡಿಮೆ. ಮಾರುವವರು ಪಿಎಕ್ಸ್-10ರ ಬೆಲೆ ಎಲ್ಲೋ ನೋಡಿ ಯುಒ-8ಕ್ಕೆ ಹಾಕಿರುತ್ತಾರೆ. ಮೋಸ ಅಂತಲ್ಲ, ಅವರಿಗೂ ವ್ಯತ್ಯಾಸ ಗೊತ್ತಿರುವುದಿಲ್ಲ.

ನಮ್ಮ ಶಿಕಾಗೊದ ಶ್ವಿನ್ ಕಥೆಯೂ ಇದೇ. ಶ್ವಿನ್ ಈ ಊರಲ್ಲೇ 1895ರಲ್ಲಿ ಹುಟ್ಟಿದ ಕಂಪನಿ. ಅದರ ವಾರ್ಸಿಟಿ ಸೈಕಲ್ ಇಲ್ಲಿ ಯಾವ ಗ್ಯಾರೇಜ್ ಬಾಗಿಲು ಎತ್ತಿದರೂ ಸಿಗುತ್ತದೆ. ಗಟ್ಟಿ ಅಂದರೆ ಗಟ್ಟಿ. ಹದಿನೇಳು ಹದಿನೆಂಟು ಕೆಜಿ ತೂಗುತ್ತದೆ. ಎರಡೂ ಪೆಡಲ್ ತೋಳು ಒಂದೇ ಉಕ್ಕಿನ ಸರಳನ್ನು ಬಗ್ಗಿಸಿ ಮಾಡಿದ್ದು. ಸ್ಟ್ಯಾಂಡ್ ಫ್ರೇಮಿಗೇ ಸೇರಿಕೊಂಡಿರುತ್ತದೆ. ಅದೇ ಕಂಪನಿಯ ಪ್ಯಾರಾಮೌಂಟ್ ಕೈಯಲ್ಲಿ ಕಟ್ಟಿದ ರೇಸ್ ಸೈಕಲ್. ಅದು ಸಿಕ್ಕರೆ ನನಗೆ ಫೋನ್ ಮಾಡಿ, ರಾತ್ರಿಯಾದರೂ ಬರುತ್ತೇನೆ.

ಇನ್ನು ಸೀಟಿನ ಕೆಳಗಿನ ಪೈಪಿನ ಮೇಲಿರುವ ಸ್ಟಿಕರ್. ರೆನಾಲ್ಡ್ಸ್ ಇಂಗ್ಲೆಂಡಿನ ಬರ್ಮಿಂಗ್‌ಹ್ಯಾಮ್ ಕಂಪನಿ. ತುದಿಯಲ್ಲಿ ದಪ್ಪ, ನಡುವೆ ತೆಳು ಇರುವ ಪೈಪಿಗೆ 1897ರಲ್ಲೇ ಪೇಟೆಂಟ್ ತೆಗೆದುಕೊಂಡವರು. ಬೆಸುಗೆ ಬೀಳುವ ಕಡೆ ಗಟ್ಟಿ ಬೇಕು, ಮಧ್ಯೆ ಬೇಡ, ಅದೇ ಉಪಾಯ. ಅದನ್ನೇ ಬಟೆಡ್ ಎನ್ನುವುದು. 1935ರಲ್ಲಿ 531 ಬಂತು. ಇಟಲಿಯ ಕೊಲಂಬಸ್, ಜಪಾನಿನ ಟ್ಯಾಂಗೆ ಕೂಡ ಅಷ್ಟೇ ಗೌರವದ ಹೆಸರುಗಳು. ಆದರೆ 531 ಅಂತ ಅಂಕೆ ಕಂಡ ಕೂಡಲೇ ದುಡ್ಡು ತೆಗೆಯಬೇಡಿ. ಸ್ಟಿಕರ್ ಪೂರ್ತಿ ಓದಿ. ಬಟೆಡ್ ಎಂದು ಬರೆದು, ಟ್ಯೂಬ್ಸ್ (ಮುಖ್ಯ ಪೈಪು), ಫೋರ್ಕ್ಸ್ (ಮುಂದಿನ ಚಕ್ರ ಹಿಡಿಯುವ ಕವಲು), ಸ್ಟೇಸ್ (ಹಿಂದಿನ ಚಕ್ರ ಹಿಡಿಯುವ ಸಣ್ಣ ಪೈಪು) ಮೂರೂ ಇದ್ದರೆ ಇಡೀ ಫ್ರೇಮ್ ಆ ಪೈಪಿನದು. ಪ್ಲೇನ್ ಗೇಜ್ (ಉದ್ದಕ್ಕೂ ಒಂದೇ ದಪ್ಪ) ಅಂತಲೋ, ಮೂರು ಮುಖ್ಯ ಪೈಪು ಮಾತ್ರ ಅಂತಲೋ ಇದ್ದರೆ ಒಂದು ಮೆಟ್ಟಿಲು ಕೆಳಗೆ.

ಸ್ಟಿಕರ್ ಹರಿದುಹೋಗಿದ್ದರೆ ಸೀಟ್ ಪೋಸ್ಟ್, ಅಂದರೆ ಸೀಟು ಹೊತ್ತ ಕೋಲನ್ನು ಹೊರಗೆಳೆದು ಅದರ ಮೇಲಿನ ಅಂಕೆ ನೋಡಿ. ಪೈಪಿನ ಹೊರ ಅಳತೆ ಹೆಚ್ಚುಕಡಿಮೆ ಒಂದೇ, 28.6 ಮಿಲಿಮೀಟರ್. ಗೋಡೆ ತೆಳುವಾದಷ್ಟೂ ಒಳಗೆ ಜಾಗ ಜಾಸ್ತಿ, ಪೋಸ್ಟ್ ದಪ್ಪ. 27.2 ಎಂದಿದ್ದರೆ ತೆಳುವಾದ ಒಳ್ಳೆಯ ಪೈಪು. 26ಕ್ಕಿಂತ ಕಡಿಮೆ ಎಂದರೆ ದಪ್ಪ ಗೋಡೆಯ ಸಾಧಾರಣ ಪೈಪು. ಫ್ರೆಂಚ್ ಸೈಕಲ್ಲಿನ ಪೈಪು ಹೊರಗೇ 28 ಇರುವುದರಿಂದ ಅಲ್ಲಿ 26.4 ಕೂಡ ಒಳ್ಳೆಯದೇ. ಬೆರಳು ಮಡಚಿ ಪೈಪಿನ ನಡುವೆ ತಟ್ಟಿ, ಆಮೇಲೆ ತುದಿಯಲ್ಲಿ ತಟ್ಟಿ, ಸದ್ದು ಬೇರೆಯಾಗುತ್ತದೋ ಕೇಳಿ. ನಮ್ಮ ಕಡೆ ಕೊಬ್ಬರಿ ಕೊಳ್ಳುವವರು ಕಾಯಿಯನ್ನು ಕಿವಿ ಹತ್ತಿರ ಅಲ್ಲಾಡಿಸಿಯೇ ಒಳಗಿನ ಗಿಟುಕು ಒಣಗಿದೆಯೋ ಇಲ್ಲವೋ ಹೇಳುತ್ತಾರಲ್ಲ, ಹಾಗೆ. ಹತ್ತಾರು ಸೈಕಲ್ ತಟ್ಟಿದ ಮೇಲೆ ಕಿವಿ ಕಲಿಯುತ್ತದೆ.

ವರ್ಷ ತಿಳಿಯುವುದು ಅಷ್ಟು ಕಷ್ಟವಲ್ಲ. ಶಿಮಾನೊ ಭಾಗಗಳ ಹಿಂಬದಿಯಲ್ಲಿ ಎರಡು ಇಂಗ್ಲಿಷ್ ಅಕ್ಷರ ಇರುತ್ತವೆ. ಮೊದಲನೆಯದು ವರ್ಷ, ಎ ಅಂದರೆ 1976, ಬಿ ಅಂದರೆ 1977, ಹೀಗೆ ಎಣಿಸಿಕೊಂಡು ಹೋಗಿ. ಎರಡನೆಯದು ತಿಂಗಳು. ಕಂಪನ್ಯೋಲೊ ನೂವೋ ರೆಕಾರ್ಡ್ ಡೀರೇಲರ್ ಮೇಲೆ ಪೇಟೆಂಟ್ 74 ಎಂದಿದ್ದರೆ 1974ರ ಆಸುಪಾಸು. ಜಪಾನಿನ ಮಿಯಾಟಾ ಸೈಕಲ್ಲಿನ ಫ್ರೇಮ್ ನಂಬರಿನ ಮೊದಲ ಅಕ್ಷರವೇ ವರ್ಷ, ಅಲ್ಲಿ ಎ ಅಂದರೆ 1972. ಶ್ವಿನ್ ಮುಂದಿನ ಬ್ಯಾಡ್ಜಿನ ಮೇಲೆ ನಾಲ್ಕು ಅಂಕೆ ಒತ್ತಿದ್ದರೆ ಮೊದಲ ಮೂರು ವರ್ಷದ ಎಷ್ಟನೇ ದಿನ ಎಂದು, ಕೊನೆಯದು ವರ್ಷದ ಕೊನೆ ಅಂಕೆ. ನನ್ನ ಹತ್ತಿರ ಬಂದ ಒಂದರ ಮೇಲೆ 1237 ಎಂದಿತ್ತು. 1977ರ 123ನೇ ದಿನ, ಅಂದರೆ ಮೇ 3. ಅದನ್ನು ಕೊಂಡ ಹುಡುಗಿ ಪ್ರತಿ ವರ್ಷ ಆ ದಿನ ಸೈಕಲ್ಲಿಗೆ ಹೂವು ಕಟ್ಟಿ ಫೋಟೋ ಕಳಿಸುತ್ತಾಳೆ.

ಭಾಗಗಳ ವರ್ಷವೂ ಫ್ರೇಮಿನ ವರ್ಷವೂ ಹೊಂದಿದರೆ ಸೈಕಲ್ ಅಂಗಡಿಯಿಂದ ಬಂದ ಹಾಗೇ ಇದೆ ಎಂದರ್ಥ. ಅದಕ್ಕೆ ಬೆಲೆ ಇದೆ. ಇನ್ನೊಂದು, ಫ್ರೇಮ್ ನಂಬರ್ ಬರೆದುಕೊಂಡು ಬೈಕ್ ಇಂಡೆಕ್ಸ್ ಜಾಲತಾಣದಲ್ಲಿ ಹಾಕಿ ನೋಡಿ. ಕದ್ದ ಸೈಕಲ್ಲುಗಳ ದಾಖಲೆ ಅಲ್ಲಿರುತ್ತದೆ, ದುಡ್ಡು ಕೊಡಬೇಕಿಲ್ಲ. ನಂಬರ್ ಉಜ್ಜಿ ಅಳಿಸಿದ್ದರೆ ಅಲ್ಲಿಂದ ಹೊರಟುಬಿಡಿ.

ಇಲ್ಲಿಯವರೆಗೆ ಫೋಟೋದಲ್ಲೇ ಆಗುವ ಕೆಲಸ. ಮುಂದಿನದಕ್ಕೆ ಸೈಕಲ್ ಮುಟ್ಟಲೇಬೇಕು. ಇದನ್ನು ನಾನು ದುಡ್ಡು ಕಳೆದುಕೊಂಡು ಕಲಿತೆ.

ಮೂರನೆಯದೋ ನಾಲ್ಕನೆಯದೋ ಸೈಕಲ್ ಇರಬೇಕು. ಕೆಂಪು ಬಣ್ಣ, ಪೂರ್ತಿ 531, ಸ್ಟಿಕರ್ ಕೂಡ ಮಾಸಿಲ್ಲ. ಮಾರುವವರು ಗ್ಯಾರೇಜಿನ ಮಬ್ಬು ಬೆಳಕಿನಲ್ಲಿ ನಿಲ್ಲಿಸಿದ್ದರು. 140 ಡಾಲರ್ ಎಂದರು, ಚೌಕಾಸಿ ಮಾಡದೆ ಕೊಟ್ಟು ತಂದೆ. ಮನೆಯಲ್ಲಿ ಒರೆಸುತ್ತಿದ್ದೆ. ಹ್ಯಾಂಡಲ್‌ನಿಂದ ಪೆಡಲ್ ಕಡೆಗೆ ಇಳಿಯುವ ಪೈಪಿನ ಕೆಳಭಾಗದಲ್ಲಿ, ಮೇಲ್ಗಡೆ ಲಗ್‌ನಿಂದ ಎರಡು ಬೆರಳು ಕೆಳಗೆ, ಬಟ್ಟೆ ಒಂದು ಕಡೆ ಸ್ವಲ್ಪ ಎದ್ದು ಇಳಿಯಿತು. ಬಟ್ಟೆ ಬಿಟ್ಟು ಬೆರಳು ಆಡಿಸಿದೆ. ಹಪ್ಪಳದ ಅಂಚಿನಂಥ ಸಣ್ಣ ಅಲೆ. ಟಾರ್ಚ್ ಹಾಕಿದರೆ ಬಣ್ಣದಲ್ಲಿ ಕೂದಲೆಳೆಯಷ್ಟು ಅಡ್ಡ ಬಿರುಕು. ಸೈಕಲ್ ಎಲ್ಲೋ ಮುಂದಿನಿಂದ ಗುದ್ದಿತ್ತು. ಪಕ್ಕಕ್ಕೆ ನಿಂತು ನೋಡಿದರೆ ಫೋರ್ಕ್ ಕೂಡ ಹಿಂದಕ್ಕೆ ಹೋಗಿತ್ತು. ಒಳ್ಳೇ ಪೈಪು ತೆಳುವಾಗಿರುವುದರಿಂದ ಹೀಗೆ ಮಡಚಿಕೊಳ್ಳುತ್ತದೆ. ಅಂಥ ಫ್ರೇಮಿಗೆ ಬೆಲೆ ಸೊನ್ನೆ. ಓಡಿಸುವವರ ಹಲ್ಲು, ದವಡೆಯ ಪ್ರಶ್ನೆ ಇದು. ಭಾಗ ಬಿಡಿಸಿ ಮಾರಿ 90 ಡಾಲರ್ ವಾಪಸ್ ಬಂತು. ಫ್ರೇಮನ್ನು ಯಾರೂ ಓಡಿಸದ ಹಾಗೆ ಗರಗಸದಿಂದ ಎರಡು ತುಂಡು ಮಾಡಿ ಗುಜರಿಗೆ ಹಾಕಿದೆ. ಅವತ್ತು ನಿಜಕ್ಕೂ ಬೇಜಾರಾಯಿತು.

ಆವತ್ತಿನಿಂದ ನಾನು ಮೊದಲು ಮಾಡುವುದೇ ಬೆರಳು ಆಡಿಸುವುದು. ಮೇಲಿನ ಪೈಪು, ಇಳಿಯುವ ಪೈಪು, ಎರಡರ ಕೆಳಗೂ. ಆಮೇಲೆ ಪಕ್ಕದಿಂದ ನೋಡಬೇಕು. ಫೋರ್ಕಿನ ಮೇಲರ್ಧ ಮತ್ತು ಹ್ಯಾಂಡಲ್ ಕೂರುವ ಪೈಪು ಒಂದೇ ನೇರಕ್ಕೆ ಇರಬೇಕು. ಮುಂದಿನ ಚಕ್ರವನ್ನು ನಾಲ್ಕು ಬೆರಳು ಎತ್ತಿ ನೆಲಕ್ಕೆ ಬಿಡಿ. ಗಡಗಡ ಎಂದರೆ ಹೆಡ್‌ಸೆಟ್, ಅಂದರೆ ಹ್ಯಾಂಡಲ್ ತಿರುಗುವ ಬೇರಿಂಗ್, ಸಡಿಲವಾಗಿದೆ. ಬಿಗಿದರೆ ಸರಿಹೋಗಬಹುದು.

ಆಮೇಲೆ ಮಾರುವವರನ್ನೇ ಕೇಳಿ, ಸೀಟು ಸ್ವಲ್ಪ ಎತ್ತರಿಸಿ ಕೊಡ್ತೀರಾ ಅಂತ. ಇದು ತುಂಬ ಮುಖ್ಯ. ಅಲ್ಯುಮಿನಿಯಂ ಪೋಸ್ಟ್ ಉಕ್ಕಿನ ಪೈಪಿನೊಳಗೆ ಇಪ್ಪತ್ತು ಮೂವತ್ತು ವರ್ಷ ಕೂತರೆ ಸುಣ್ಣದಂಥ ಬಿಳಿ ಪುಡಿ ಕಟ್ಟಿ ಕಚ್ಚಿಕೊಂಡುಬಿಡುತ್ತದೆ. ಹ್ಯಾಂಡಲನ್ನು ಹಿಡಿದು ಫ್ರೇಮಿನೊಳಗೆ ಇಳಿಯುವ ಸ್ಟೆಮ್ ಕೂಡ ಹಾಗೇ. ಒಮ್ಮೆ ಅಂಥದ್ದೊಂದಕ್ಕೆ ಒಂದು ವಾರ ಎಣ್ಣೆ ಬಿಟ್ಟು, ಕೊನೆಗೆ ಒಳಗಿನಿಂದ ಬ್ಲೇಡ್ ಹಾಕಿ ಕೊಯ್ದು ತೆಗೆದಿದ್ದೇನೆ. ಮೂರು ಸಂಜೆ ಹಿಡಿಯಿತು. ಕಚ್ಚಿಕೊಂಡಿದ್ದರೆ ಹೇಳಿದ ಬೆಲೆಯಲ್ಲಿ ಅರ್ಧ ಕೇಳಿ. ಇಲ್ಲವೇ ಬಿಟ್ಟುಬಿಡಿ.

ತುಕ್ಕಿಗೆ ಅಷ್ಟು ಹೆದರಬೇಕಿಲ್ಲ. ಮೇಲ್ಮೈ ತುಕ್ಕು ಉಜ್ಜಿದರೆ ಹೋಗುತ್ತದೆ. ಆದರೆ ಇಲ್ಲಿ ಚಳಿಗಾಲದಲ್ಲಿ ರಸ್ತೆಗೆ ಉಪ್ಪು ಹಾಕುತ್ತಾರೆ. ಆ ಉಪ್ಪಿನಲ್ಲಿ ಓಡಿದ ಸೈಕಲ್ಲಿನ ಪೆಡಲ್ ಗೂಡು, ಅಂದರೆ ಪೆಡಲ್ ತೋಳುಗಳ ಆಕ್ಸಲ್ ಕೂರುವ ಜಾಗ, ಒಳಗಿನಿಂದ ತಿಂದುಹೋಗಿರುತ್ತದೆ. ಬಣ್ಣ ಗುಳ್ಳೆ ಎದ್ದಿದ್ದರೆ ಉಗುರಿನಿಂದ ಒತ್ತಿ ನೋಡಿ. ಗೀರಿದ ಹಳೇ ಬಣ್ಣ ಇದ್ದರೂ ಪರವಾಗಿಲ್ಲ, ಹೊಸದಾಗಿ ಹೊಡೆಸಿದ ಬಣ್ಣಕ್ಕೆ ನಾನು ಕಡಿಮೆ ಕೊಡುತ್ತೇನೆ. ಕೆಳಗೆ ಏನು ಮುಚ್ಚಿದ್ದಾರೋ ಯಾರಿಗೆ ಗೊತ್ತು?

ಚೈನ್ ಅಳೆಯಲು ಇಂಚು ಪಟ್ಟಿ ಸಾಕು. ಹೊಸ ಚೈನಿನಲ್ಲಿ ಒಂದು ಪಿನ್ನಿನಿಂದ ಶುರುಮಾಡಿ, ಅದನ್ನು ಬಿಟ್ಟು ಮುಂದಿನ 24 ಪಿನ್ ಎಣಿಸಿದರೆ ಸರಿಯಾಗಿ 12 ಇಂಚು. ಇಂಚಿನ ಹದಿನಾರನೇ ಒಂದು ಭಾಗ ಉದ್ದವಾಗಿದ್ದರೆ ಚೈನ್ ಬದಲಿಸಿ. ಎಂಟನೇ ಒಂದು ಭಾಗ ಆಗಿದ್ದರೆ ಹಿಂದಿನ ಫ್ರೀವೀಲ್ ಹಲ್ಲೂ ಸವೆದಿದೆ ಎಂದು ಲೆಕ್ಕ ಹಾಕಿ.

ಚಕ್ರದ ಅಳತೆ ಟೈರಿನ ಮೇಲೇ ಇರುತ್ತದೆ. ಹಳೇ ಅಮೆರಿಕನ್ ಸೈಕಲ್ಲಿಗೆ 27 ಇಂಚು, ಈಚಿನದಕ್ಕೆ 700ಸಿ. ರಿಮ್ಮಿನ ವ್ಯಾಸ 630 ಮತ್ತು 622 ಮಿಲಿಮೀಟರ್, ಎಂಟೇ ಮಿಲಿಮೀಟರ್ ವ್ಯತ್ಯಾಸ. ಆದರೆ ಒಂದರ ಟೈರ್ ಇನ್ನೊಂದಕ್ಕೆ ಕೂರುವುದಿಲ್ಲ. 27ಕ್ಕೆ ಟೈರ್ ಈಗಲೂ ಸಿಗುತ್ತದೆ, ಆಯ್ಕೆ ಕಡಿಮೆ. ಫ್ರೆಂಚ್ ಸೈಕಲ್ಲಿನ ತೊಂದರೆ ಇದಕ್ಕಿಂತ ದೊಡ್ಡದು. ಅದರ ಮರೆಗಳೇ, ಅಂದರೆ ತಿರುಪಿನ ಗೆರೆಗಳೇ, ಬೇರೆ. ಪೆಡಲ್ ಗೂಡಿನ ಎರಡೂ ಬೇರಿಂಗ್ ಕಪ್ ಬಲಕ್ಕೇ ತಿರುಗಿ ಬಿಗಿಯಾಗುತ್ತವೆ, ಇಂಗ್ಲಿಷ್ ಸೈಕಲ್ಲಿನಲ್ಲಿ ಒಂದು ಎಡಕ್ಕೆ. ಸ್ಟೆಮ್ 22.0 ಮಿಲಿಮೀಟರ್, ಬೇರೆಯವರದು 22.2. ಒಂದು ಕಪ್ ಹಾಳಾದರೂ ಹುಡುಕಾಟ ಶುರು. ಅದಕ್ಕೇ ಹೊಸಬರಿಗೆ ನಾನು ಹೇಳುವುದು 1980ರ ದಶಕದ ಜಪಾನಿ ಸೈಕಲ್ ನೋಡಿ ಅಂತ. ಬೆಸುಗೆ ಅಚ್ಚುಕಟ್ಟು, ಭಾಗ ಎಲ್ಲ ಕಡೆ ಸಿಗುತ್ತದೆ, ಹೆಸರಿಗೆ ಅಷ್ಟು ಮೆರುಗಿಲ್ಲದ್ದರಿಂದ ಬೆಲೆಯೂ ಮಿತ.

ಅಳತೆ ಮರೆಯಬೇಡಿ. ಪೆಡಲ್ ಗೂಡಿನ ನಡುವಿನಿಂದ ಸೀಟಿನ ಪೈಪಿನ ತುದಿಯವರೆಗೆ ಅಳೆಯಿರಿ. ನಮ್ಮ ಸಾಧಾರಣ ಎತ್ತರದವರಿಗೆ 52ರಿಂದ 55 ಸೆಂಟಿಮೀಟರ್ ಹೊಂದುತ್ತದೆ. 62, 63ರ ಫ್ರೇಮ್ ಎಷ್ಟೇ ಒಳ್ಳೆಯದಾದರೂ ಕೊಳ್ಳುವವರು ಕಡಿಮೆ, ಹಾಗಾಗಿ ಅಗ್ಗಕ್ಕೆ ಸಿಗುತ್ತದೆ. ಅಗ್ಗ ಎಂದು ತರಬೇಡಿ. ಕಾಲು ನೆಲಕ್ಕೆ ಎಟುಕದ ಸೈಕಲ್ ನಿಮಗೆ ಬೇಕಾಗಿಲ್ಲ.

ಈಗ ಲೆಕ್ಕ. ಇದು ಸುಲಭ. ಓಡುವ ಸ್ಥಿತಿಯಲ್ಲಿ ಅದೇ ಸೈಕಲ್ ಎಷ್ಟಕ್ಕೆ ಮಾರಾಟವಾಗಿದೆ ನೋಡಿ, ಅದರಲ್ಲಿ ಓಡುವ ಸ್ಥಿತಿಗೆ ತರುವ ಖರ್ಚು ಕಳೆಯಿರಿ. ಉಳಿದದ್ದೇ ಅದರ ಬೆಲೆ. ಇಬೇಯಲ್ಲಿ ಹಾಕಿರುವ ಬೆಲೆ ನೋಡಬೇಡಿ. ಯಾರು ಎಷ್ಟು ಬೇಕಾದರೂ ಹಾಕಬಹುದು, ಅಲ್ವಾ? ಮಾರಾಟವಾದವುಗಳನ್ನು ಮಾತ್ರ ತೋರಿಸು ಎನ್ನುವ ಆಯ್ಕೆ ಇದೆ, ಅದನ್ನು ಒತ್ತಿ. ಐದಾರು ಸಿಕ್ಕರೆ ಅತಿ ಹೆಚ್ಚಿನದು, ಅತಿ ಕಡಿಮೆಯದು ಬಿಟ್ಟು ನಡುವಿನದು ಹಿಡಿಯಿರಿ. ಅಲ್ಲಿ ಇಡೀ ದೇಶದ ಗಿರಾಕಿಗಳಿರುತ್ತಾರೆ, ನಿಮ್ಮ ಊರಿನಲ್ಲಿ ಅದಕ್ಕಿಂತ ಕಡಿಮೆಗೇ ಹೋಗುತ್ತದೆ. ತಿಂಗಳೂ ಮುಖ್ಯ. ಶಿಕಾಗೊದಲ್ಲಿ ಏಪ್ರಿಲ್, ಮೇನಲ್ಲಿ ಎಲ್ಲರಿಗೂ ಸೈಕಲ್ ಬೇಕು. ನವೆಂಬರ್‌ನಲ್ಲಿ ಗ್ಯಾರೇಜ್ ಖಾಲಿಯಾದರೆ ಸಾಕು ಅನ್ನುವವರೇ ಎಲ್ಲ. ನಾನು ಕೊಳ್ಳುವುದು ನವೆಂಬರ್‌ನಲ್ಲಿ.

ಖರ್ಚು ನಾನು ಹಾಕಿಕೊಳ್ಳುವುದು ಹೀಗೆ. ಎರಡು ಟೈರಿಗೆ 50 ಡಾಲರ್, ಟ್ಯೂಬಿಗೆ 14, ಕೇಬಲ್‌ಗಳಿಗೆ 25, ಬ್ರೇಕ್ ರಬ್ಬರಿಗೆ 16, ಹ್ಯಾಂಡಲ್ ಟೇಪಿಗೆ 15, ಚೈನಿಗೆ 18. ಒಟ್ಟು 138. ಕೆಲಸ ನಾನೇ ಮಾಡುತ್ತೇನೆ. ನಿಮಗೆ ಬರದಿದ್ದರೆ ಅಂಗಡಿಯ ಓವರಾಯ್ಲಿಂಗ್ ಕೂಲಿಯನ್ನು ಮೊದಲೇ ವಿಚಾರಿಸಿ ಸೇರಿಸಿಕೊಳ್ಳಿ. ಎಷ್ಟೋ ಸಲ ಕೂಲಿಯೇ ಸೈಕಲ್ಲಿನ ಬೆಲೆ ದಾಟುತ್ತದೆ.

ನಮ್ಮ ಊರಿನ ಸುತ್ತ ನಾನು ಕಂಡಂತೆ, ರಿಪೇರಿಯಾಗಿ ಓಡುವ ಯುಒ-8 ಥರದ ಸೈಕಲ್ 150ಕ್ಕೆ ಹೋದರೆ ಹೆಚ್ಚು. ಅದರಲ್ಲಿ 138 ಕಳೆದರೆ ಉಳಿಯುವುದು 12 ಡಾಲರ್. ಹುಡುಗನಿಗೆ ಇದೇ ಲೆಕ್ಕ ಹೇಳಿದೆ. ಸ್ವಲ್ಪ ಹೊತ್ತು ಮಾತಾಡಲಿಲ್ಲ. "ಅಣ್ಣ, ಬಣ್ಣ ತುಂಬ ಚೆನ್ನಾಗಿತ್ತು" ಅಂದ. ನನಗೆ ಅರ್ಥವಾಗುತ್ತದೆ. ನಿಮ್ಮ ತಾತನ ಸೈಕಲ್ಲಾದರೆ, ನೋಡಿದ ಕೂಡಲೇ ಮನಸ್ಸು ಹೋದರೆ, ಲೆಕ್ಕದ ಮೇಲೆ ಇನ್ನಷ್ಟು ಕೊಡಿ. ಅದು ಪ್ರೀತಿಗೆ ಕೊಡುವ ದುಡ್ಡು, ತಪ್ಪಿಲ್ಲ. ಎಷ್ಟು ಸೈಕಲ್ಲಿಗೆ, ಎಷ್ಟು ಪ್ರೀತಿಗೆ ಎಂದು ಮಾತ್ರ ಗೊತ್ತಿರಲಿ.

ಎರಡು ವಾರ ಬಿಟ್ಟು ಅವನೇ ಇನ್ನೊಂದು ಹುಡುಕಿದ. ನೀಲಿ ಮಿಯಾಟಾ, 180 ಡಾಲರ್. ಈ ಸಲ ಕೇಳದೆಯೇ ಡ್ರಾಪ್‌ಔಟ್, ಕ್ರ್ಯಾಂಕ್ ಫೋಟೋ ಕಳಿಸಿದ್ದ. ಇಬ್ಬರೂ ಹೋದೆವು. ಫ್ರೇಮ್ ನಂಬರ್ ಎಲ್ ಅಕ್ಷರದಿಂದ ಶುರು, 1983. ಅವನು ಮಂಡಿಯೂರಿ ಕೂತು ಡೀರೇಲರ್ ಹಿಂದಿನ ಗ್ರೀಸನ್ನು ಬೆರಳಿನಿಂದ ಒರೆಸಿ ಓದಿದ, "ಎಚ್, ಬಿ." ಎ ಯಿಂದ ಬೆರಳು ಮಡಚಿ ಎಣಿಸಿದ. "1983, ಫೆಬ್ರವರಿ. ಹೊಂದುತ್ತೆ ಅಣ್ಣ!" ಪೈಪಿನ ಕೆಳಗೆ ಬೆರಳು ಆಡಿಸಿದೆವು, ನುಣುಪಾಗಿತ್ತು. ಸೀಟು ಸಲೀಸಾಗಿ ಮೇಲೆ ಬಂತು, ಪೋಸ್ಟ್ ಮೇಲೆ 27.2. ಚೈನ್ ಸರಿಯಾಗಿ 12 ಇಂಚು. ಟೈರ್ ಮಾತ್ರ ಬಿಸಿಲಿಗೆ ಒಣಗಿದ ಕೆರೆಯ ನೆಲದಂತೆ ಬಿರಿದಿತ್ತು. ಹಿಂದಿನ ಚಕ್ರ ಬೆಂಡ್ ಆಗಿತ್ತು.

ಅಂಥ ಸೈಕಲ್ ಓಡುವ ಸ್ಥಿತಿಯಲ್ಲಿ 300ಕ್ಕೆ ಹೋಗುವುದನ್ನು ನೋಡಿದ್ದೆ. ಚೈನ್ ಬಿಟ್ಟು ಖರ್ಚು 120. ಉಳಿದದ್ದು 180, ಅವರು ಹೇಳಿದ್ದೇ ಸರಿಯಾದ ಬೆಲೆ. ಚಕ್ರ ತಿರುಗಿಸಿ ಬ್ರೇಕಿಗೆ ತಾಗುವುದನ್ನು ತೋರಿಸಿ, "ಇದರ ಬೆಂಡ್ ತೆಗೆಸಬೇಕು, 150 ಆಗುತ್ತಾ?" ಎಂದು ಹುಡುಗ ಇಂಗ್ಲಿಷಿನಲ್ಲಿ ಕೇಳಿದ. ಆ ಅಜ್ಜ 155 ಎಂದರು. ನೋಟು ಎಣಿಸಿ ಕೊಟ್ಟ. ಆ ಸಂಜೆಯೇ ನನ್ನ ಗ್ಯಾರೇಜಿನಲ್ಲಿ ಸೈಕಲ್ ತಲೆಕೆಳಗೆ ಮಾಡಿ, ಸ್ಪೋಕ್ ಕೀಲಿ ಅವನ ಕೈಗೆ ಕೊಟ್ಟು ಕಾಲು ಕಾಲು ಸುತ್ತು ತಿರುಗಿಸಲು ಹೇಳಿಕೊಟ್ಟೆ.